ಉಪೇಂದ್ರರ ವ್ಯಾನಿಗೆ ಒಲೆ ಹುಡುಕಿದ್ದು

ಉಪೇಂದ್ರರು ಯಾರನ್ನೂ ನಂಬುವುದಿಲ್ಲ. ಇದು ಚಾಡಿಯಲ್ಲ, ಅವರ ಉದ್ಯೋಗವೇ ಅದಾಗಿತ್ತು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಅವರು ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಮಾಡಿದ್ದು ಒಂದೇ ಕೆಲಸ: ಹೊರಗಿನಿಂದ ಬಂದ ಮಾಲನ್ನು ಅನುಮಾನಿಸುವುದು. ಬೋಲ್ಟು, ಬೇರಿಂಗು, ತಾಮ್ರದ ತಂತಿ, ಏನೇ ಬರಲಿ, ಅದು ಮೊದಲು ಉಪೇಂದ್ರರ ಮೇಜಿನ ಮೇಲೆ ನಿಂತು ತಾನು ನಿರಪರಾಧಿ ಎಂದು ತೋರಿಸಿಕೊಡಬೇಕಿತ್ತು. ಪಾಸಾದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ಪೀಣ್ಯದ ಸಣ್ಣ ಕಾರ್ಖಾನೆಗಳ ಮಾಲೀಕರು ಅವರ ಕಡೆಗೆ ಮಾಲು ಕಳಿಸುವ ದಿನ ಮನೆದೇವರಿಗೆ ಹೂವು ಏರಿಸಿ ಲಾರಿ ಹೊರಡಿಸುತ್ತಿದ್ದರಂತೆ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ತಮಾಷೆಗೆಂದು ಒಂದು ಸುರುಳಿ ಹಸಿರು ಚೀಟಿ, ಒಂದು ಸುರುಳಿ ಕೆಂಪು ಚೀಟಿಯನ್ನೂ ಕೊಟ್ಟರು. ಉಪೇಂದ್ರರು ಅದನ್ನು ತಮಾಷೆ ಎಂದು ತಿಳಿಯಲಿಲ್ಲ.

ಅಂದಿನಿಂದ ನಾಗಸಂದ್ರದ ನಮ್ಮ ಬಡಾವಣೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿಯಿಲ್ಲ. ಬಲ್ಬು, ಬಕೆಟ್ಟು, ಬೀದಿಗೆ ಹೊಸದಾಗಿ ಹಾಕಿದ ಟಾರು, ಎಲ್ಲಕ್ಕೂ ಕೆಂಪು ಚೀಟಿ. ತರಕಾರಿ ಗಾಡಿಯ ರಾಮಕ್ಕ ಒಂದು ದಿನ ತಾಳಲಾರದೆ ಕೇಳಿಯೇ ಬಿಟ್ಟಳು: "ಸಾರ್, ನೀವು ಟೊಮೇಟೊ ತಗೊಳ್ಳಾಕ್ ಬಂದೀರಾ, ಇಲ್ಲಾ ಎಣ್ಣು ನೋಡಾಕ್ ಬಂದೀರಾ?"

ಇಂಥವರಿಗೆ ತಕ್ಕ ಹೆಂಡತಿ ವತ್ಸಲಾ. ಗಂಡನಿಗೆ ಕಬ್ಬಿಣದ ಮೇಲೆ ಅನುಮಾನವಿದ್ದರೆ ಆಕೆಗೆ ಹೋಟೆಲಿನ ಮೇಲೆ. ಮದುವೆಯಾದ ಹೊಸದರಲ್ಲಿ ಯಾವುದೋ ಬಸ್‌ಸ್ಟ್ಯಾಂಡಿನ ಎದುರು ಪೂರಿ ಸಾಗು ತಿಂದು ವಾರಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಮೇಲೆ ಹೊರಗಿನ ತುತ್ತು ಮುಟ್ಟಿಲ್ಲ. ಅವರ ತರ್ಕಕ್ಕೆ ಮೇಲ್ಮನವಿಯಿಲ್ಲ. ಇಡ್ಲಿ ಮೆತ್ತಗಿದ್ದರೆ ಸೋಡಾ ಹಾಕಿದ್ದಾರೆ, ಗಟ್ಟಿ ಇದ್ದರೆ ನಿನ್ನೆಯದು. ಸಾಂಬಾರು ರುಚಿಯಾಗಿದ್ದರಂತೂ ಕೇಳುವುದೇ ಬೇಡ, ಏನನ್ನೋ ಮುಚ್ಚಿಡುತ್ತಿದ್ದಾರೆ.

ಹೀಗಾಗಿ ಈ ದಂಪತಿಗಳ ಪ್ರಪಂಚಕ್ಕೆ ಒಂದು ಗಡಿ ಇತ್ತು. ಬೆಳಿಗ್ಗೆ ಕಟ್ಟಿದ ಮೊಸರನ್ನ ಹುಳಿಯಾಗುವಷ್ಟು ದೂರವೇ ಆ ಗಡಿ. ಶಿವಗಂಗೆ, ದೇವರಾಯನದುರ್ಗ, ಘಾಟಿ ಸುಬ್ರಹ್ಮಣ್ಯ ಎಲ್ಲವೂ ಗಡಿಯೊಳಗಿದ್ದವು. ಆದರೆ ವತ್ಸಲಾಗೆ ನೋಡಬೇಕಾಗಿದ್ದುದು ವಿಜಯಪುರದ ಗೋಲಗುಮ್ಮಟ. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರ ನೋಡಿದಾಗಿನಿಂದ ಆಸೆ. ಅಲ್ಲಿ ಒಂದು ಮಾತು ಆಡಿದರೆ ಏಳು ಸಲ ತಿರುಗಿ ಬರುತ್ತದಂತೆ. "ಈ ಮನೇಲಿ ಏಳು ಸಲ ಕೂಗಿದ್ರೆ ಒಂದ್ಸಲ ಹೂಂ ಅನ್ನೋರಿಲ್ಲ" ಎಂದು ಆಕೆ ಹೇಳುವಾಗ ಉಪೇಂದ್ರರು ಪೇಪರು ಮಡಿಸದೆ "ಹೂಂ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ವತ್ಸಲಾ ಅಕ್ಕಿ ಆರಿಸುತ್ತ, ಯಾರಿಗೂ ಅಲ್ಲ ಎಂಬಂತೆ, "ಇನ್ನು ಗೋಲಗುಮ್ಮಟ ಮುಂದಿನ ಜನ್ಮಕ್ಕೇ" ಅಂದರು. ಕೋಪವಿರಲಿಲ್ಲ, ಮುನಿಸೂ ಇರಲಿಲ್ಲ. ಅದೇ ಉಪೇಂದ್ರರನ್ನು ಚುಚ್ಚಿತು. ಯಾರೋ ತಮ್ಮ ಹಣೆಗೇ ಕೆಂಪು ಚೀಟಿ ಅಂಟಿಸಿದಂತಾಯಿತು. ಹೆಂಡತಿ ಅಡುಗೆಮನೆ ಬಿಟ್ಟು ಹೋಟೆಲಿಗೆ ಬರುವುದಿಲ್ಲವಾದರೆ ಅಡುಗೆಮನೆಯನ್ನೇ ಗೋಲಗುಮ್ಮಟಕ್ಕೆ ಒಯ್ಯುತ್ತೇನೆಂದು ಅವರು ಅಲ್ಲೇ ಪ್ರತಿಜ್ಞೆ ಮಾಡಿದರು. ಮನಸ್ಸಿನಲ್ಲೇ ಮಾಡಿದ್ದರಿಂದ ಆಕಾಶದಿಂದ ಹೂಮಳೆ ಸುರಿಯಲಿಲ್ಲ.

ಕೆಲವೇ ದಿನಗಳಲ್ಲಿ ಅವರು ಕೊಂಡ ಹಳೇ ಸ್ಕೂಲ್ ವ್ಯಾನೊಂದು ಮನೆ ಮುಂದೆ ಬಂದು ನಿಂತಿತು. ಹಳದಿಯ ಮೇಲೆ ಬಿಳಿ ಬಣ್ಣ ಬಳಿದರೂ ಹಿಂದುಗಡೆ "ಮಕ್ಕಳಿದ್ದಾರೆ, ನಿಧಾನ" ಎಂಬ ಅಕ್ಷರಗಳು ಮಂಜಿನೊಳಗಿಂದ ಇಣುಕಿದಂತೆ ಇಣುಕುತ್ತಿದ್ದವು. ಪೀಣ್ಯದ ಶೆಡ್ಡೊಂದರಲ್ಲಿ ವೆಲ್ಡಿಂಗ್ ಮಾಡುವ ಸಿದ್ರಾಮ, ಸಿಂದಗಿ ಕಡೆಯವನು, ಒಳಗೆ ಮಂಚ, ಕಪಾಟು, ಅಡುಗೆಕಟ್ಟೆ ಕೂರಿಸತೊಡಗಿದ. ಅವನು ಹಾಕಿದ ಪ್ರತಿ ಬೆಸುಗೆಯನ್ನೂ ಉಪೇಂದ್ರರು ಸುತ್ತಿಗೆಯಿಂದ ಕುಟ್ಟಿ ಕಿವಿಯಿಟ್ಟು ಕೇಳುವರು.

"ಯಾಕ್ರೀ ಸಾಹೇಬ್ರ, ನಾ ಹಚ್ಚಿದ್ದು ಬೆಸುಗಿ, ತಬಲಾ ಅಲ್ಲ" ಅಂದ ಸಿದ್ರಾಮ.

"ಬೆಸುಗೆ ಸುಳ್ಳು ಹೇಳಿದ್ರೆ ಶಬ್ದದಲ್ಲೇ ಗೊತ್ತಾಗುತ್ತಪ್ಪ."

"ಹಂಗಾದ್ರ ಮನಿಷ್ಯಾರ್ನೂ ಹಿಂಗ ಕುಟ್ಟಿ ನೋಡ್ತೀರೇನ್ರಿ?"

"ಅವಕಾಶ ಸಿಕ್ಕಿಲ್ಲ."

ಅಷ್ಟರಲ್ಲಿ ಬಡಾವಣೆಯ ಸಂಘದ ಕಾರ್ಯದರ್ಶಿ ದೇವರಾಜ್ ಪ್ರತ್ಯಕ್ಷರಾದರು. ಬೀದಿಯಲ್ಲಿ ಎಲ್ಲಿ ಸುತ್ತಿಗೆಯ ಸದ್ದು ಕೇಳಿದರೂ ಅಲ್ಲಿ ಸಂಘ ಹಾಜರು. ಅವರು ವ್ಯಾನಿನೊಳಗೆ ತಲೆ ತೂರಿಸಿ ಅಡುಗೆಕಟ್ಟೆ ನೋಡಿದರು, ಸಿಂಕು ನೋಡಿದರು, ನಿಟ್ಟುಸಿರು ಬಿಟ್ಟರು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಇದು ಸಂಚಾರಿ ಹೋಟೆಲ್ ತಾನೆ?"

"ಹೋಟೆಲ್ ಆದ್ರೆ ನಮ್ಮನೆಯವರು ಒಳಗೆ ಕಾಲಿಡೋಲ್ಲ ಕಣ್ರೀ."

"ಮತ್ತೆ ಅಡುಗೆ ಮಾಡ್ತೀರಲ್ಲ?"

"ನಾವು ಊಟ ಮಾಡೋಕೆ."

"ಅದನ್ನ ಮನೇಲೇ ಮಾಡಬಹುದಲ್ಲ ಸಾರ್?"

ಉಪೇಂದ್ರರು ಗೋಲಗುಮ್ಮಟದ ವಿಷಯ ಹೇಳಿದರು. ಇಷ್ಟು ಸರಳವಾದ ಕಾರಣವನ್ನು ದೇವರಾಜ್ ಜನ್ಮದಲ್ಲಿ ಕೇಳಿರಲಿಲ್ಲ, ಆದ್ದರಿಂದ ನಂಬಲಿಲ್ಲ. ಸಂಜೆಯೊಳಗೆ ಅದು ಬಿರಿಯಾನಿ ಗಾಡಿ ಎಂದು ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಗಿತ್ತು.

ಆದರೆ ಬೀದಿಯ ಅನುಮಾನವನ್ನೆಲ್ಲ ತಕ್ಕಡಿಯ ಒಂದು ಕಡೆಗಿಟ್ಟರೂ ವತ್ಸಲಾರ ಅನುಮಾನವೇ ಹೆಚ್ಚು ತೂಗುತ್ತಿತ್ತು. ಆಕೆ ಮೆಟ್ಟಿಲ ಮೇಲೆ ನಿಂತೇ ವ್ಯಾನನ್ನು ನೋಡಿ ಅಪ್ಪಣೆ ಕೊಟ್ಟರು: "ಒಲೆ ನನಗೆ ಒಪ್ಪಿಗೆ ಆಗ್ಬೇಕು. ಬೆಂಕಿ ಕಣ್ಣಿಗೆ ಕಾಣ್ಬೇಕು, ಪಾತ್ರೆ ಅಲ್ಲಾಡ್ಬಾರ್ದು, ಉಪ್ಪಿಟ್ಟಿಗೆ ಉಪ್ಪಿಟ್ಟಿನ ವಾಸನೇನೇ ಇರ್ಬೇಕು. ಅಂಥ ಒಲೆ ಸಿಕ್ಕಿದ್ರೆ ಬರ್ತೀನಿ. ಇಲ್ಲಾಂದ್ರೆ ಈ ಡಬ್ಬದಲ್ಲಿ ನೀವೇ ಹೋಗಿ ನೀವೇ ಕೂಗ್ಕೊಳ್ಳಿ."

ಹೀಗೆ ಆರಂಭವಾಯಿತು ಒಲೆಯ ಸ್ವಯಂವರ. ದೇಶದೇಶದ ಒಲೆಗಳು ಬಂದು ಸಭೆಯಲ್ಲಿ ನೆರೆದವು.

ಮೊದಲು ಬಂದದ್ದು ಪಂಪ್ ಸ್ಟೌ ಎಂಬ ವೃದ್ಧ ರಾಜ. ಹಿತ್ತಾಳೆಯ ಹೊಟ್ಟೆ, ಮೂರು ಕಾಲು, ಗುಜರಿ ಅಂಗಡಿಯ ಸಿಂಹಾಸನದಿಂದ ಎದ್ದು ಬಂದವನು. ಉಪೇಂದ್ರರು ಪಂಪು ಹೊಡೆದದ್ದೇ ತಡ, ಆ ಮುದುಕ ಯೌವನ ಬಂದವನಂತೆ ಭುಸುಗುಟ್ಟಿ ಸೊಂಟದೆತ್ತರಕ್ಕೆ ಜ್ವಾಲೆ ಎಬ್ಬಿಸಿದ.

"ಇದು ಒಲೇನಾ ರಾಕೆಟ್ಟಾ?" ಎಂದು ವತ್ಸಲಾ ಸೆರಗು ಮೂಗಿಗೆ ಹಿಡಿದರು. ಅಲ್ಲದೆ ಅವನ ಆಹಾರವಾದ ಸೀಮೆಎಣ್ಣೆ ಎಲ್ಲಿ ಸಿಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೆಂಪು ಚೀಟಿ.

ಎರಡನೆಯವನು ಇಂಡಕ್ಷನ್ ಕುಮಾರ. ಕಪ್ಪು ಗಾಜಿನ ಮೈ, ಬೆರಳು ತಾಗಿಸಿದರೆ ಕುಂಯ್ ಎನ್ನುವ ನಾಜೂಕು. ಇವನೊಂದಿಗೆ ಬ್ಯಾಟರಿಯೊಂದು ಪಲ್ಲಕ್ಕಿಯಲ್ಲಿ ಬರಬೇಕಿತ್ತು. ಅದನ್ನು ಮಾರುವವನು ಬಲು ಉತ್ಸಾಹದಲ್ಲಿದ್ದ.

"ಒಂದು ಹೊತ್ತಿನ ಅಡುಗೆ ಆರಾಮಾಗಿ ಆಗುತ್ತೆ ಸಾರ್."

"ಇನ್ನೊಂದು ಹೊತ್ತಿಗೆ?"

"ಚಾರ್ಜ್ ಮಾಡ್ಕೋಬೇಕು."

"ಎಲ್ಲಿ?"

"ಯಾವುದಾದ್ರೂ ಒಳ್ಳೇ ಹೋಟೆಲ್ ಮುಂದೆ ನಿಲ್ಸಿ ಸಾರ್, ಊಟ ಮಾಡ್ಕೊಂಡು ಬರೋಷ್ಟರಲ್ಲಿ ಆಗಿರುತ್ತೆ."

ಉಪೇಂದ್ರರು ಅವನನ್ನು ಕನಿಕರದಿಂದ ನೋಡಿದರು. ವತ್ಸಲಾಗಂತೂ ಮುಖ ತೋರಿಸದ ಬೆಂಕಿಯ ಮೇಲೆ ಭರವಸೆಯೇ ಇಲ್ಲ. ಕೆಂಪು ಚೀಟಿ.

ಮೂರನೆಯದಕ್ಕಾಗಿ ಉಪೇಂದ್ರರು ಮೆಟ್ರೋ ಹತ್ತಿ, ಇಳಿದು, ಬಸ್ಸು ಹತ್ತಿ, ಊರಿನ ಆಚೆ ತುದಿಯ ದೊಡ್ಡನೆಕ್ಕುಂದಿಯವರೆಗೆ ದಂಡಯಾತ್ರೆ ಹೋದರು. ಅಲ್ಲಿ ಬೆಟ್ಟ ಹತ್ತುವವರ ಸಾಮಾನಿನ ಅಂಗಡಿಯಲ್ಲಿ ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಮಲಗಿದ್ದ ಒಲೆ, ಪಕ್ಕದಲ್ಲಿ ಸಿಕ್ಕಿಸುವ ಗ್ಯಾಸಿನ ಡಬ್ಬಿ. "ಎಲ್ರೂ ಇದನ್ನೇ ತಗೊಳ್ತಾರೆ ಸಾರ್" ಎಂದಳು ಮಾರುವ ಹುಡುಗಿ. ಪಾಪ, ಉಪೇಂದ್ರರೆದುರು ಆಡಬಾರದ ಮಾತು ಅದೊಂದೇ. ಎಲ್ಲರೂ ತೆಗೆದುಕೊಳ್ಳುವುದರಲ್ಲಿ ಏನೋ ಇರಲೇಬೇಕು. ಆದರೂ ಫೋಟೋ ತೆಗೆದು ಹೆಂಡತಿಗೆ ಕಳಿಸಿದರು. ಕೂಡಲೇ ಫೋನು ಬಂತು: "ರೀ, ಜಿರಲೆ ಔಷಧಿ ಡಬ್ಬಿ ಸಿಕ್ಕಿಸ್ಕೊಂಡು ನಾನು ಹುಳಿ ಮಾಡ್ಲಾ?"

ಕೊನೆಗೆ ದಾಸರಹಳ್ಳಿಯಲ್ಲಿ ವಿಷ್ಣು ಎಂಬಾತನ ಪಾತ್ರೆ ಅಂಗಡಿ. ಅಲ್ಲಿ ಒಂದೇ ಬರ್ನರಿನ, ಸ್ಟೀಲು ಮೈಯ, ಸಾಧುವಾದ ಗ್ಯಾಸ್ ಒಲೆ ಕಣ್ಣಿಗೆ ಬಿತ್ತು. ಪುಟ್ಟ ಸಿಲಿಂಡರ್ ಸಾಕು, ಬೆಂಕಿ ಕಾಣುತ್ತದೆ, ವಾಸನೆಯಿಲ್ಲ. ಉಪೇಂದ್ರರ ಎದೆ ಹಗುರಾಯಿತು. ಆಗ ವಿಷ್ಣು, ತನಗೆ ಕೇಡು ಕಾದಿದೆ ಎಂದು ತಿಳಿಯದೆ, ಒಳಗಿನಿಂದ ಅದರ ಅವಳಿಯಂಥ ಇನ್ನೊಂದನ್ನು ತಂದಿಟ್ಟ.

"ವ್ಯಾನಿಗೆ ಅಂದ್ರೆ ಇದು ತಗೊಳ್ಳಿ ಸಾರ್. ಸೇಫ್ಟಿ ಇದೆ. ಬೆಂಕಿ ಆರಿದ್ರೆ ಗ್ಯಾಸು ತಾನಾಗೇ ನಿಂತುಹೋಗುತ್ತೆ."

ಉಪೇಂದ್ರರ ಕಣ್ಣು ಕಿರಿದಾಯಿತು. "ಬೆಂಕಿ ಯಾಕ್ರೀ ಆರುತ್ತೆ?"

"ಅಂದ್ರೆ... ಗಾಳಿ ಗೀಳಿ..."

"ಅಂದ್ರೆ ಆರಿಹೋಗೋ ಒಲೆ ಮಾರ್ತಿದ್ದೀನಿ ಅಂತ ಒಪ್ಕೊಂಡ್ರಿ."

"ಅಯ್ಯೋ, ಹಾಗಲ್ಲ ಸಾರ್!"

"ಮೊದಲು ಹೆದರಿಸೋದು, ಆಮೇಲೆ ತಾಯತ ಮಾರೋದು. ನಾನು ನೋಡಿಲ್ವಾ? ಅದರಲ್ಲಿ ಒಂದು ಬಿಡಿಭಾಗ ಜಾಸ್ತಿ ಇದೆ. ಜಾಸ್ತಿ ಇದ್ದದ್ದು ಮೊದಲು ಕೆಡುತ್ತೆ. ಸಾದಾದೇ ಕೊಡಿ."

ವಿಷ್ಣು ಸಾದಾ ಒಲೆಯನ್ನೇ ಕಟ್ಟಿ ಕೊಟ್ಟ. ಗಿರಾಕಿಯ ಜೊತೆ ವಾದ ಮಾಡುವವನು ಅಂಗಡಿ ಇಡಬಾರದು.

ಮನೆಗೆ ತಂದ ಒಲೆಗೆ ಅಗ್ನಿಪರೀಕ್ಷೆ ಶುರುವಾಯಿತು. ತಾರಸಿಯ ಮೇಲೆ ಟೇಬಲ್ ಫ್ಯಾನಿಟ್ಟು ಬಿರುಗಾಳಿ ಎಬ್ಬಿಸಿದರು, ಸುತ್ತ ತಗಡಿನ ಮರೆ ಕಟ್ಟಿ ಆ ಬಿರುಗಾಳಿಯನ್ನು ಗೆದ್ದರು. ಪೈಪಿನ ಉದ್ದಕ್ಕೂ ಸೋಪಿನ ನೊರೆ ಬಳಿದು, ಗುಳ್ಳೆ ಏಳುತ್ತದೇನೋ ಎಂದು ಭೂತಗನ್ನಡಿ ಹಿಡಿದು ಕಾದರು. ಒಲೆಯನ್ನು ವ್ಯಾನಿನ ಕಟ್ಟೆಗೆ ಬೋಲ್ಟು ಹಾಕಿ ಬಿಗಿದು, ಪೀಣ್ಯ ಎರಡನೇ ಹಂತದ ಗುಂಡಿಗಳ ಮೇಲೆ ಬೇಕೆಂದೇ ಓಡಿಸಿದರು. ಆ ರಸ್ತೆಗಳಲ್ಲಿ ಉಳಿದದ್ದು ಪ್ರಳಯದಲ್ಲೂ ಉಳಿಯುತ್ತದೆ. ಆಮೇಲೆ ದೊಡ್ಡ ಪಾತ್ರೆ ತುಂಬ ನೀರಿಟ್ಟು ಮಧ್ಯಾಹ್ನವೆಲ್ಲ ಕುದಿಸಿದರು. ಜ್ವಾಲೆ ಕಣ್ಣು ಮಿಟುಕಿಸಲಿಲ್ಲ. ನಿವೃತ್ತಿಯ ನಂತರ ಮೊದಲ ಬಾರಿಗೆ ಉಪೇಂದ್ರರ ಕೈ ಹಸಿರು ಸುರುಳಿಯತ್ತ ಹೋಯಿತು. ಅಂಟು ಒಣಗಿತ್ತು, ಎಂಜಲು ಹಚ್ಚಿ ಒತ್ತಬೇಕಾಯಿತು.

ವತ್ಸಲಾ ಬಂದರು. ಇಡ್ಲಿ ಪಾತ್ರೆ ಇಟ್ಟು ಅಲ್ಲಾಡಿಸಿದರು. ಬಗ್ಗಿ ಬೆಂಕಿ ನೋಡಿದರು. ದೋಷ ಸಿಗದೆ ಇನ್ನೂ ಸ್ವಲ್ಪ ಹುಡುಕಿದರು. "ಹೂಂ, ಪರವಾಗಿಲ್ಲ" ಎಂದವರೇ ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಲು ಹೇಳಿದರು. ಎರಡು ಸೀರೆ ಒಳಗಿಟ್ಟ ಮೇಲೆ ನೆನಪಾಗಿ ಅಂದರು: "ಹೊರಡೋ ಮುಂಚೆ ಹಾಲು ಉಕ್ಕಿಸ್ಬೇಕು."

"ಹಾಲು ಉಕ್ಸೋದು ಮನೆಗೆ. ಇದು ಗಾಡಿ. ಚಕ್ರಕ್ಕೆ ನಿಂಬೆಹಣ್ಣು ಇಟ್ರೆ ಮುಗೀತು."

"ಒಲೆ ಹಚ್ಚಿದ ಕಡೆ ಮನೆ ಕಣ್ರೀ. ಹಾಲು ಉಕ್ಕದ ಮನೇಲಿ ನಾನು ಅನ್ನ ಬೇಯಿಸೋಲ್ಲ."

ರಾಜಿಯಾಗಿ ಎರಡೂ ಆಯಿತು. ಶುಕ್ರವಾರ ಬೆಳಿಗ್ಗೆ ವ್ಯಾನು ಪೂರ್ವಕ್ಕೆ ಮುಖ ಮಾಡಿ ನಿಂತಿತು. ಹೊರಗೆ ಚಕ್ರಗಳ ಕೆಳಗೆ ನಿಂಬೆಹಣ್ಣು, ಒಳಗೆ ಒಲೆಗೆ ಅರಿಶಿನ ಕುಂಕುಮ. ಸಿದ್ರಾಮ ಹೊಸ ಅಂಗಿ ಹಾಕಿಕೊಂಡು ಬಾಗಿಲ ಹೊರಗೆ ನಿಂತಿದ್ದ. ದೇವರಾಜ್ ಕರೆಯುವ ಮೊದಲೇ ಒಳಗೆ ಕೂತು, ಮೊಬೈಲಿನಲ್ಲಿ ನಾದಸ್ವರ ಹಾಕಿ, ಎಲ್ಲಾದರೂ ಬಿರಿಯಾನಿ ಮಸಾಲೆ ಕಾಣುತ್ತದೇನೋ ಎಂದು ಕಪಾಟುಗಳ ಮೇಲೆ ಕಣ್ಣಾಡಿಸುತ್ತಿದ್ದರು. ಗಾಳಿಗೆ ಬೆಂಕಿ ಹೊಯ್ದಾಡಬಾರದೆಂದು ಉಪೇಂದ್ರರು ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲನ್ನೂ ಎಳೆದುಕೊಂಡರು.

ಹಾಲು ಏರಿತು, ಏರಿತು, ಬೆಳ್ಳಗೆ ಉಬ್ಬಿ ನಾಲ್ಕೂ ದಿಕ್ಕಿಗೆ ಸುರಿಯಿತು. "ಆಹಾ, ಪೂರ್ವಕ್ಕೂ ಬಂತು!" ಎಂದು ದೇವರಾಜ್ ಉದ್ಗರಿಸಿದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ನಾದಸ್ವರ ತಾರಕಕ್ಕೇರಿತು. ಆ ಶುಭ ಮುಹೂರ್ತದಲ್ಲಿ ಉಕ್ಕಿದ ಹಾಲು ಬರ್ನರಿನ ಬಾಯಿಗೆ ಇಳಿದು ಬೆಂಕಿಯನ್ನು ನಂದಿಸಿದ್ದನ್ನು ಯಾರೂ ನೋಡಲಿಲ್ಲ. ಬೆಂಕಿ ಹೋದರೂ ಗ್ಯಾಸು ಹೋಗಲಿಲ್ಲ. ಅದು ನಿಷ್ಠಾವಂತ ಸೇವಕನಂತೆ ಬರುತ್ತಲೇ ಇತ್ತು.

ವತ್ಸಲಾ ಒಲೆಯ ಮುಂದೆ ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ನಮಸ್ಕಾರ ಮಾಡಿದರು. ದೇವರಾಜ್ ಆರತಿ ತಟ್ಟೆಯಲ್ಲಿ ಕರ್ಪೂರವಿಟ್ಟು ಬೆಂಕಿಪೊಟ್ಟಣ ತೆರೆದರು. ಗ್ಯಾಸು ಗಾಳಿಗಿಂತ ಭಾರ, ನೆಲಕ್ಕೇ ಇಳಿಯುತ್ತದೆ. ನಿಂತವರ ಮೂಗಿಗೆ ತಿಳಿಯದ್ದು ನೆಲಕ್ಕೆ ಬಗ್ಗಿದ ಮೂಗಿಗೆ ತಿಳಿಯಿತು. ಅದೂ ಯಾರ ಮೂಗು! ಮೂರು ಅಂಗಡಿ ಆಚೆಯಿಂದ ಹಳಸಿದ ಚಟ್ನಿ ಹಿಡಿಯುವ ಮೂಗು.

"ಕಡ್ಡಿ ಗೀರಬೇಡಿ!"

ಆ ಕೂಗಿಗೆ ದೇವರಾಜರ ಕೈಯಿಂದ ಕಡ್ಡಿಪೊಟ್ಟಣವೇ ಹಾರಿತು. ವತ್ಸಲಾ ಕೂತಲ್ಲಿಂದಲೇ ಒಲೆಯ ತಿರುಪು ಮುಚ್ಚಿ, ಸಿಲಿಂಡರಿನದನ್ನೂ ಮುಚ್ಚಿ, ಬಾಗಿಲು ಜಗ್ಗಿ ತೆರೆದರು. "ಇಳೀರಿ! ಎಲ್ರೂ ಇಳೀರಿ!" ಬಡಾವಣೆ ಸಂಘದ ಕಾರ್ಯದರ್ಶಿ ಹಿಮ್ಮುಖವಾಗಿ ಇಳಿದು ಸಿದ್ರಾಮನ ಹೊಸ ಅಂಗಿಯ ಮೇಲೆ ಬಿದ್ದರು. ಮೊಬೈಲು ಒಳಗೇ ಉಳಿದು ಒಬ್ಬಂಟಿಯಾಗಿ ನಾದಸ್ವರ ನುಡಿಸುತ್ತಿತ್ತು.

ಬೀದಿಯಲ್ಲಿ ನಿಂತ ಉಪೇಂದ್ರರ ಮುಖ ಹಾಲಿಗಿಂತ ಬಿಳಿಯಾಗಿತ್ತು. "ಗಾಳಿ ಇರ್ಲಿಲ್ಲ. ಪೈಪು ಸರಿ ಇತ್ತು. ಎಲ್ಲಾ ನೋಡಿದ್ದೆ ಕಣೇ. ಮಧ್ಯಾಹ್ನವೆಲ್ಲ ಕುದಿಸಿದ್ದೆ."

"ಏನು ಕುದಿಸಿದ್ರಿ?"

"ನೀರು. ಹಾಲು ಯಾಕೆ ದಂಡ ಅಂತ..."

"ನೀರು ಯಾವತ್ತಾದ್ರೂ ಹಾಲಿನ ಹಾಗೆ ಉಕ್ಕಿದ್ದು ನೋಡಿದ್ದೀರೇನ್ರೀ?"

ಕಬ್ಬಿಣದ ಮೇಲೆ ಅಷ್ಟು ವರ್ಷ ಅನುಮಾನಪಟ್ಟ ಮನುಷ್ಯ ಒಮ್ಮೆಯೂ ಹಾಲಿನ ಮೇಲೆ ಅನುಮಾನಪಟ್ಟಿರಲಿಲ್ಲ. ವತ್ಸಲಾ ಮನೆಯ ಮೆಟ್ಟಿಲು ಹತ್ತಿದರು. ಒಳಗೆ ಹೋಗಿ ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು ಬೀರುವಿನಲ್ಲಿಟ್ಟರು. ಸೂಟ್‌ಕೇಸು ಮತ್ತೆ ಅಟ್ಟ ಸೇರಿತು, ಬೀರುವಿನ ಬಾಗಿಲು ಮುಚ್ಚಿದ ಸದ್ದು ಬೀದಿಯವರೆಗೂ ಕೇಳಿತು.

ಉಪೇಂದ್ರರು ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದರು. ಎಂಜಲು ಹಚ್ಚಿ ಅಂಟಿಸಿದ್ದು, ಆದರೂ ಬಿಡಲೊಲ್ಲದು. ಆಮೇಲೆ ದಾಸರಹಳ್ಳಿಗೆ ಹೋದರು. ವಿಷ್ಣು ಅವರನ್ನು ದೂರದಿಂದಲೇ ಗುರುತಿಸಿದ.

"ಬನ್ನಿ ಸಾರ್. ಬೆಂಕಿ ಆರ್ತಾ?"

"ಹಾಲು ಉಕ್ಕಿತು."

"ಒಳ್ಳೇದಾಯ್ತಲ್ಲ ಸಾರ್, ಶುಭ!"

"ಆ ತಾಯತದ ಒಲೆ ಇದ್ಯಾ?"

ಇತ್ತು. ಮನೆಗೆ ತಂದರು. ಆದರೆ ಫ್ಯಾನು ಹಚ್ಚಲಿಲ್ಲ, ನೊರೆ ಬಳಿಯಲಿಲ್ಲ. ಒಲೆಯನ್ನು ತಾರಸಿಯ ಮೇಲಿಟ್ಟು, ಎರಡೂ ಸುರುಳಿ ಚೀಟಿಗಳನ್ನು ಹೆಂಡತಿಯ ಕೈಗಿಟ್ಟು, "ನೀನೇ ನೋಡು. ನನಗೆ ಬರೀ ನೀರು ಗೊತ್ತು" ಅಂದರು. ತಮ್ಮ ಕುರ್ಚಿಯಿಂದ ತಾವೇ ಇಳಿದ ದೊರೆಗಳನ್ನು ಬೆರಳಿನಲ್ಲಿ ಎಣಿಸಬಹುದು. ನಾಗಸಂದ್ರದಲ್ಲಂತೂ ಇವರೊಬ್ಬರೇ.

ವತ್ಸಲಾ ಗಂಡನನ್ನು ಅನುಮಾನದಿಂದ ನೋಡಿದರು. ಇದರಲ್ಲೂ ಏನಾದರೂ ಉಪಾಯ ಇದೆಯೇ? ಮುಖದಲ್ಲಿ ಸಿಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೂತರು.

ಅಡುಗೆಮನೆಯಲ್ಲಿ ಉಕ್ಕುವ ಜಾತಿಗಳೆಷ್ಟಿವೆಯೋ ಅಷ್ಟೂ ಆ ಒಲೆಯ ಮೇಲೆ ದಂಡೆತ್ತಿ ಬಂದವು. ಮೊದಲು ಹಾಲು. ಬೆಂಕಿ ನಂದಿತು. ಉಪೇಂದ್ರರು ಎರಡು ಹೆಜ್ಜೆ ಹಿಂದೆ ಸರಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಟಕ್" ಎಂದಿತು. ವತ್ಸಲಾ ತಿರುಪು ಹಾಗೇ ಬಿಟ್ಟು ಕಾದರು. ಆಮೇಲೆ ಬಗ್ಗಿ, ಆ ಸುಪ್ರಸಿದ್ಧ ಮೂಗನ್ನು ಒಲೆಯ ಹತ್ತಿರ ಒಯ್ದರು. ಗ್ಯಾಸಿನ ವಾಸನೆಯೇ ಇಲ್ಲ. "ಒಂದ್ಸಲ ಯಾರು ಬೇಕಾದ್ರೂ ಒಳ್ಳೆಯವರಾಗಿರ್ತಾರೆ" ಎಂದು ಗಂಜಿ ಉಕ್ಕಿಸಿದರು. ಟಕ್. ಬೇಳೆಯ ನೊರೆ. ಟಕ್. ರಾಗಿ ಅಂಬಲಿ. ಟಕ್. ಕೊನೆಗೆ ಶಾವಿಗೆ ಪಾಯಸವನ್ನೂ ಅರ್ಧ ಸುರಿಸಿದರು. ಉಳಿದರ್ಧವನ್ನು ಬೀದಿಗೆ ಹಂಚಿದರು. ದೇವರಾಜ್ ಎರಡು ಲೋಟ ಕುಡಿದು, ಬಾಯಿ ಒರೆಸಿಕೊಂಡು, "ಹೋಟೆಲಿನ ಪ್ರಚಾರಕ್ಕೆ ಮೊದಲು ಹೀಗೇ ಪುಕ್ಕಟೆ ಕೊಡ್ತಾರೆ" ಎಂದು ಪಕ್ಕದವರಿಗೆ ಹೇಳಿದರು.

"ಯಾವ ಚೀಟಿ ಅಂಟಿಸ್ತೀಯ?" ಎಂದು ಉಪೇಂದ್ರರು ಹೆದರುತ್ತ ಕೇಳಿದರು.

"ಚೀಟಿ ಯಾಕೆ? ಸೂಟ್‌ಕೇಸ್ ಇಳಿಸಿ."

ಹೊರಟ ದಿನ ವತ್ಸಲಾ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದೆ ಅಡುಗೆಕಟ್ಟೆಯ ಪಕ್ಕದಲ್ಲಿ, ಸಿಲಿಂಡರಿನ ತಿರುಪಿನ ಮೇಲೆ ಕೈಯಿಟ್ಟು ಕೂತರು.

"ಮುಂದೆ ಬಾರೇ, ಊರು ಕಾಣುತ್ತೆ."

"ನೀವು ರಸ್ತೆ ನೋಡಿ. ನಾನು ಇದನ್ನ ನೋಡ್ತೀನಿ."

ನೆಲಮಂಗಲ ದಾಟಿತು, ತುಮಕೂರು ದಾಟಿತು. ಕನ್ನಡಿಯಲ್ಲಿ ಉಪೇಂದ್ರರಿಗೆ ಕಾಣುತ್ತಿದ್ದದ್ದು ಒಲೆಯನ್ನೇ ದಿಟ್ಟಿಸುತ್ತಿದ್ದ ಹೆಂಡತಿಯ ಮುಖ ಮಾತ್ರ. ಶಿರಾ ದಾಟಿದ ಮೇಲೆ ದೊಡ್ಡ ಹುಣಸೆಮರದ ನೆರಳಲ್ಲಿ ವ್ಯಾನು ನಿಲ್ಲಿಸಿ, ಬಾಗಿಲು ಕಿಟಕಿ ಎಲ್ಲ ತೆರೆದರು. ವತ್ಸಲಾ ಉಪ್ಪಿಟ್ಟು ಮಾಡಿದರು. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿಂದರು. ಬೆಳಿಗ್ಗೆ ಕಟ್ಟಿದ ಮೊಸರನ್ನವಾಗಿದ್ದರೆ ಈ ಹೊತ್ತಿಗೆ ಮನೆ ಕಡೆ ತಿರುಗಬೇಕಿತ್ತು.

ವತ್ಸಲಾ ಬಾಣಲೆ ತೊಳೆದಿಟ್ಟು, ಸಿಲಿಂಡರಿನ ತಿರುಪು ಬಿಗಿಮಾಡಿ, ಇನ್ನೊಮ್ಮೆ ಬಿಗಿಮಾಡಿ, ಮುಂದಿನ ಸೀಟಿಗೆ ಬಂದು ಕೂತರು.

"ಇನ್ನೂ ಎಷ್ಟು ದೂರ ಇದೆ?"

ಉಪೇಂದ್ರರು ತಿರುಗಿಸುತ್ತಿದ್ದ ಕೀಲಿಯನ್ನು ಬಿಟ್ಟರು. "ಯಾಕೆ, ಬೇಜಾರಾಯ್ತಾ? ವಾಪಸ್ ತಿರುಗಿಸ್ಲಾ?"

"ದೂರ ಎಷ್ಟು ಅಂತ ಕೇಳ್ದೆ ಕಣ್ರೀ. ರಾತ್ರಿಗೆ ಬೇಳೆ ನೆನೆಹಾಕ್ಬೇಕಲ್ಲ."